ಉದ್ದನೆಯ ಬರಹಕ್ಕೆ ಬಿಡುವಿಲ್ಲವೆ?

ಹರಾಜಿನ ದಿನ ತಿಪಟೂರಿನ ಕೊಬ್ಬರಿ ದರವು ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ತಲಪಲು ಈಗ ಕ್ಷಣಮಾತ್ರ ಸಾಕು. ಕೈಯಲ್ಲಿರುವ ಫೋನು ತೆರೆದರೆ ಕ್ವಿಂಟಾಲಿಗೆ ಇಷ್ಟು ಎಂದು ಬಂದು ಬಿದ್ದಿರುತ್ತದೆ. ಒಂದು ಸಾಲು, ಅದರಲ್ಲಿ ಒಂದು ಅಂಕಿ. ಅಂಕಿ ಏರಿದರೆ ಅಂಗಡಿ ಬೀದಿಯಲ್ಲಿ ನಗೆ, ಇಳಿದರೆ ಮೌನ. ಏಕೆ ಏರಿತು, ಏಕೆ ಇಳಿಯಿತು, ನಡುವೆ ಯಾರ ಗಂಟು ಕರಗಿತು, ಯಾರ ಗಂಟು ಬೆಳೆಯಿತು ಎಂಬುದನ್ನು ಆ ಸಾಲು ಹೇಳುವುದಿಲ್ಲ. ಅದನ್ನು ಹೇಳುವುದಕ್ಕೆ ಹತ್ತು ಪುಟ ಬೇಕು, ಇಪ್ಪತ್ತು ಪುಟ ಬೇಕು.

ಕಳೆದ ಒಂದು ವರ್ಷದಲ್ಲಿ ನಾವು ಸಂಜೆ ಕಚೇರಿಯಲ್ಲಿ ಕುಳಿತು ಓದಿದ, ಬಂದವರಿಗೂ ಓದಿ ಹೇಳಿದ ಉದ್ದನೆಯ ಲೇಖನಗಳಲ್ಲಿ ಮನಸ್ಸಿನಿಂದ ಇಳಿಯದೆ ನಿಂತ ಕೆಲವನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳಬೇಕೆಂದು ಈ ವಾರದ ಸಂಪಾದಕೀಯವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಅವು ಹೊಸ ಲೇಖನಗಳೇನೂ ಅಲ್ಲ. ಓದಿದ್ದು ಈ ವರ್ಷ, ಅಷ್ಟೆ.

ಮೊದಲನೆಯದು ಅಮೆರಿಕೆಯ ‘ನ್ಯೂಯಾರ್ಕರ್’ ಎಂಬ ವಾರಪತ್ರಿಕೆಯ 1946ರ ಆಗಸ್ಟ್ 31ರ ಸಂಚಿಕೆ. ಜಾನ್ ಹರ್ಸಿ ಎಂಬ ಪತ್ರಕರ್ತನು ಹಿರೋಷಿಮಾದ ಮೇಲೆ ಬರೆದ ಲೇಖನವೊಂದಕ್ಕೇ ಆ ಸಂಚಿಕೆಯನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದರು. ನಾಲ್ಕು ಕಂತುಗಳಲ್ಲಿ ಹಾಕುವುದೆಂದು ಮೊದಲು ಯೋಚಿಸಿದ್ದರಂತೆ. ಆಮೇಲೆ ಒಂದೇ ಸಲಕ್ಕೆ ಅಚ್ಚು ಹಾಕಿದರು. ನಮ್ಮ ಇಂಗ್ಲಿಷು ಮೆಟ್ರಿಕ್ಯುಲೇಷನ್ನಿನದು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಲು ನಮಗೆ ಹನ್ನೊಂದು ಸಂಜೆ ಹಿಡಿಯಿತು.

ಬಾಂಬಿನ ವಿಜ್ಞಾನ ಅದರಲ್ಲಿ ಹೆಚ್ಚಾಗಿಲ್ಲ. 1945ರ ಆಗಸ್ಟ್ 6ರ ಬೆಳಗ್ಗೆ ಎಂಟೂಕಾಲು ಗಂಟೆಗೆ ಆರು ಮಂದಿ ಏನು ಮಾಡುತ್ತಿದ್ದರು, ಆಮೇಲೆ ಅವರ ಬಾಳು ಏನಾಯಿತು ಎಂಬುದೇ ಅದರ ವಸ್ತು. ಕಚೇರಿಯ ಗುಮಾಸ್ತೆ ಒಬ್ಬಳು, ಇಬ್ಬರು ವೈದ್ಯರು, ಇಬ್ಬರು ಪಾದ್ರಿಗಳು, ಮೂವರು ಮಕ್ಕಳ ತಾಯಿಯಾದ ದರ್ಜಿಯ ವಿಧವೆ ಒಬ್ಬಳು. ಯುದ್ಧದಲ್ಲಿ ಗಂಡ ಸತ್ತ ಮೇಲೆ ಆಕೆಗೆ ಉಳಿದಿದ್ದ ಆಧಾರವೆಂದರೆ ಅವನ ಹೊಲಿಗೆಯಂತ್ರ. ಊರು ಉರಿಯುವಾಗ ಅದನ್ನು ಆಕೆ ಮನೆ ಮುಂದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿದಳು. ಆಮೇಲೆ ತುಕ್ಕು ಹಿಡಿದದ್ದನ್ನು ಎತ್ತಿಸಿ, ದುರಸ್ತಿ ಮಾಡಿಸಿ, ಮತ್ತೆ ಹೊಲಿಯಲು ಕುಳಿತಳು. ನಲವತ್ತು ವರ್ಷ ಕಳೆದ ಮೇಲೆ, 1985ರಲ್ಲಿ, ಹರ್ಸಿ ಅದೇ ಆರು ಮಂದಿಯ ಮುಂದಿನ ಬಾಳಿನ ಜಾಡು ಹಿಡಿದು ಹೋಗಿ ಅದೇ ಪತ್ರಿಕೆಗೆ ಇನ್ನೊಂದು ಲೇಖನ ಬರೆದನು. ಖಾಯಿಲೆ ಬಿದ್ದ ಆ ವಿಧವೆ ವೈದ್ಯರ ಹಣಕ್ಕಾಗಿ ಹೊಲಿಗೆಯಂತ್ರವನ್ನು ಮಾರಬೇಕಾಯಿತೆಂಬುದು ನಮಗೆ ತಿಳಿಯುವುದು ಅಲ್ಲಿ. ಇದನ್ನು ಓದಿ ಹೇಳಿದ ಸಂಜೆ ನಾರಿನ ಕಾರ್ಖಾನೆಯ ಹೆಣ್ಣುಮಗಳೊಬ್ಬಳು, “ಮಾರಿ ಎಷ್ಟು ಬಂತಂತೆ?” ಎಂದು ಕೇಳಿದಳು. ನಮಗೆ ಉತ್ತರ ತಿಳಿಯದು. ಆದರೆ ಆ ಲೇಖನವನ್ನು ಅಷ್ಟು ಸರಿಯಾಗಿ ಕೇಳಿಸಿಕೊಂಡವರು ಆ ಕೋಣೆಯಲ್ಲಿ ಬೇರೊಬ್ಬರಿರಲಿಲ್ಲ.

“ಹೊತ್ತು ಹುಟ್ಟಿ ಮುಳುಗುವವರೆಗೆ ಅಂಗಡಿಯಲ್ಲಿ ನಿಂತಿರುವ ನಮಗೆ ಇಷ್ಟುದ್ದ ಓದಲು ಬಿಡುವೆಲ್ಲಿ ಸ್ವಾಮಿ?” ಎಂದು ವ್ಯಾಪಾರಿ ಮಿತ್ರರು ಕೇಳುತ್ತಾರೆ. ನ್ಯಾಯವಾದ ಮಾತು. ಗಿರಣಿಯ ಪಾಳಿ ಮುಗಿಸಿ ಬಂದವನ ಕಣ್ಣು ಅಕ್ಷರದ ಮೇಲೆ ನಿಲ್ಲುವುದು ಕಷ್ಟ. ಆದರೆ ಓದುವುದೆಂದರೆ ಒಬ್ಬನೇ ದೀಪದ ಕೆಳಗೆ ಕುಳಿತು ಓದುವುದೆಂದು ಯಾರು ಹೇಳಿದರು? ಹರ್ಸಿಯ ಆ ಲೇಖನವನ್ನು ಅಮೆರಿಕೆಯ ರೇಡಿಯೋದಲ್ಲಿ ನಾಲ್ಕು ರಾತ್ರಿ ಓದಿ ಹೇಳಿದರು. ನಮ್ಮ ಹಳ್ಳಿಗಳಲ್ಲಿ ಗಮಕಿಗಳು ಭಾರತ ಓದುವಾಗ ಕೇಳಲು ಕುಳಿತವರು ಪುಟದ ಲೆಕ್ಕ ಹಾಕುತ್ತಿದ್ದರೆ?

ಎರಡನೆಯದು ನಮ್ಮವರೇ ಬರೆದದ್ದು. ಕಾಸರಗೋಡಿನ ಕನ್ನಡ ನಾಡಿನಲ್ಲಿ ಪಡ್ರೆ ಎಂಬ ಗ್ರಾಮವಿದೆ. ಆ ಕಡೆಯ ಗೇರು ತೋಟಗಳಿಗೆ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನವರು ಸುಮಾರು ಇಪ್ಪತ್ತು ವರ್ಷಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸಿಂಪಡಿಸಿದರು. ಕೈಕಾಲು ಸೊಟ್ಟಗಾದ ಕರುಗಳು ಹುಟ್ಟುವುದನ್ನು ಕಂಡ ಅಲ್ಲಿನ ಕೃಷಿಕರೂ ಪತ್ರಕರ್ತರೂ ಆದ ಶ್ರೀ ಪಡ್ರೆಯವರು, ಗೇರುಬೀಜಕ್ಕಿಂತ ಜೀವ ಅಗ್ಗವಾಯಿತೆಂಬ ಅರ್ಥದ ತಲೆಬರಹ ಕೊಟ್ಟು 1981ರಲ್ಲಿ ಇಂಗ್ಲಿಷ್ ವಾರಪತ್ರಿಕೆಯೊಂದಕ್ಕೆ ಬರೆದರು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆದದ್ದು 2011ರ ಮೇ ತಿಂಗಳಲ್ಲಿ. ಪೀಡಿತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ಲೇಖನಕ್ಕೂ ತೀರ್ಪಿಗೂ ನಡುವೆ ಮೂವತ್ತು ವರ್ಷ! ಆ ಲೇಖನವೊಂದೇ ಇದನ್ನೆಲ್ಲ ಮಾಡಿಸಿತೆಂದು ನಾವು ಹೇಳುವುದಿಲ್ಲ. ವೈದ್ಯರು, ಕೃಷಿ ಅಧಿಕಾರಿಯಾಗಿದ್ದ ಹೆಣ್ಣುಮಗಳೊಬ್ಬರು, ಊರಿನ ಜನ ಎಲ್ಲರೂ ಸೇರಿ ಕಾದಾಡಿದರು. ಆದರೆ ಮೊದಲು ಒಬ್ಬರು ಕಂಡದ್ದನ್ನು ಕ್ರಮವಾಗಿ ಬರೆದಿಟ್ಟಿದ್ದರು.

ಇದು ನಮಗೆ ದೂರದ ಸಂಗತಿಯೆ? ನುಸಿಪೀಡೆಗೆಂದು, ಕಪ್ಪುತಲೆ ಹುಳುವಿಗೆಂದು ನಮ್ಮ ತೆಂಗಿನ ಬೇರಿಗೂ ಔಷಧಿಯ ಪೊಟ್ಟಣ ಕಟ್ಟಿದ್ದೇವೆ. ಕಟ್ಟಿದ ಮೇಲೆ 45 ದಿನ ಆ ಮರದ ಕಾಯಿ ಕೀಳಬಾರದೆಂಬ ಮಾತನ್ನು ಎಷ್ಟು ಮಂದಿಗೆ ಎಷ್ಟು ಬಿಡಿಸಿ ಹೇಳಲಾಯಿತು?

ಮೂರನೆಯದು ಒಂದು ಲೇಖನವಲ್ಲ, ಒಂದು ಪತ್ರಿಕೆಯೇ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾದ ಕಾಲದ ಹಿಂದೆಯೇ, 1988ರಲ್ಲಿ, ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಬರೆಯುವವರು ಬಹುಮಟ್ಟಿಗೆ ತೋಟದವರೇ. ತಾನು ಮಾಡಿದ್ದೇನು, ಖರ್ಚೆಷ್ಟು, ಕೆಟ್ಟದ್ದೆಲ್ಲಿ ಎಂದು ಬೆಳೆಗಾರನೇ ಬರೆಯುತ್ತಾನೆ. ನಮ್ಮಲ್ಲಿ ತೆಂಗು ಅಡಿಕೆಗಿಂತ ಕಡಮೆಯದೆ? ತೆಂಗಿಗೆ ನಮ್ಮ ಮೂರು ತಾಲ್ಲೂಕಿನಲ್ಲಿ ಬರೆಯುವ ಕೈಗಳಿಲ್ಲವೆ?

ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಈ ಪತ್ರಿಕೆಗೆ ಬಂದ ಉದ್ದನೆಯ ಬರಹಗಳನ್ನು ಜಾಗವಿಲ್ಲವೆಂದು ಕತ್ತರಿಸಿದವರು ನಾವೇ. ಅದೇ ವಾರ ಮಂತ್ರಿಗಳ ಪ್ರವಾಸದ ಸುದ್ದಿಗೆ ಜಾಗ ಸಿಕ್ಕಿತ್ತು.

ಈಗ ಕೊಬ್ಬರಿಗೆ ಬರೋಣ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆ ಅದಕ್ಕಿಂತ ಬಹು ಕೆಳಗೆ ಬಿತ್ತು. 2025ರಲ್ಲಿ ಬೆಂಬಲ ಬೆಲೆ 12,100. ಆ ವರ್ಷ ಹರಾಜು ಅದರ ಎರಡು ಪಟ್ಟನ್ನೂ ದಾಟಿತು. ಬರ, ಬಿಳಿನೊಣ, ಎಳನೀರಿಗೆ ಹೋದ ಕಾಯಿ ಎಂದು ಒಂದೊಂದು ಸಾಲಿನ ಕಾರಣ ಕೊಟ್ಟವರುಂಟು. ಉಂಡೆ ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ಹೆಚ್ಚುಕಡಮೆ ಒಂದು ವರ್ಷ ಕೂರಬೇಕು. ಅಷ್ಟು ಕಾಲ ಕಾಯುವ ಶಕ್ತಿ ಯಾರಿಗಿತ್ತು? ಸಾಲದ ಗಡುವಿಗೆ ಹೆದರಿ ಇಳಿದ ದರಕ್ಕೇ ಅಟ್ಟ ಖಾಲಿ ಮಾಡಿದವರು ಯಾರು? ದರ ಏರಿದಾಗ ಮಾಲು ಯಾರ ಗೋದಾಮಿನಲ್ಲಿತ್ತು? ಬೆಲೆ ಎರಡರಷ್ಟಾದಾಗ ಮಟ್ಟೆ ಸುಲಿಯುವವನ, ಚಿಪ್ಪು ಒಡೆಯುವ ಹೆಣ್ಣಾಳಿನ ಕೂಲಿ ಎಷ್ಟು ಏರಿತು? ಕಾಯಿಯೇ ಸಿಗದೆ ಗಿರಣಿ ನಿಂತ ದಿನಗಳ ಸಂಬಳ ಯಾರ ಲೆಕ್ಕಕ್ಕೆ ಹೋಯಿತು? ಅಂಗಡಿಯಲ್ಲಿ ಅರ್ಧ ಕಾಯಿ ಕೇಳಿ ಬರುವ ಗಿರಾಕಿಯೊಡನೆ ಮುಖ ಕೆಡಿಸಿಕೊಂಡ ಚಿಲ್ಲರೆ ವ್ಯಾಪಾರಿಗೆ ಉಳಿದದ್ದೇನು?

ಇವೆಲ್ಲಕ್ಕೂ ಉತ್ತರವಿರುವ ಲೇಖನವನ್ನು ಈ ವರ್ಷ ನಾವು ಎಲ್ಲಿಯೂ ಓದಲಿಲ್ಲ. ಆದ್ದರಿಂದ ಬರೆಯಿಸಬೇಕೆಂದಿದ್ದೇವೆ. ನಾಲ್ಕು ಪುಟದ ಈ ಪತ್ರಿಕೆಯ ಒಂದು ಸಂಚಿಕೆ ಪೂರ್ತಿ ಅದಕ್ಕೇ ಹೋದರೂ ಚಿಂತೆಯಿಲ್ಲ. ಅದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿಲ್ಲ, ವಾಚಕರ ಮನೆಯಲ್ಲಿದೆ. 2023ರಿಂದೀಚಿನ ಮಂಡಿಯ ಚೀಟಿಗಳು, ಕೂಲಿ ಬರೆದಿಟ್ಟ ಪುಸ್ತಕ, ಸಾಲದ ರಶೀದಿ, ಅಂಗಡಿಯ ಖಾತೆ ಯಾವುದಿದ್ದರೂ ತನ್ನಿ. ನಕಲು ಮಾಡಿಕೊಂಡು ಕೈಗೇ ಹಿಂದಿರುಗಿಸುವೆವು. ಬರೆಯಲು ಬಾರದವರು ಬಂದು ಹೇಳಿದರೆ ಬರೆದುಕೊಳ್ಳುವೆವು. ಹೆಸರು ಬೇಡವೆಂದವರ ಹೆಸರು ಅಚ್ಚಾಗುವುದಿಲ್ಲ. ಭಾನುವಾರ ಮಧ್ಯಾಹ್ನ ಮೂರು ಗಂಟೆಯಿಂದ ದೀಪ ಹಚ್ಚುವವರೆಗೆ ಕಚೇರಿಯ ಬಾಗಿಲು ತೆರೆದಿರುತ್ತದೆ.