ಕೂಡಿಸಿ ಕೊಳ್ಳುವುದೋ, ಬಿಡಿಯಾಗಿ ಕೊಳ್ಳುವುದೋ: ಡೇಟಾ ಸೆಂಟರ್ ಖರೀದಿಯ ಎರಡು ಪಕ್ಷಗಳು

ಮಧ್ಯಮ ಗಾತ್ರದ ಕಂಪನಿಯೊಂದರ ಸರ್ವರ್‌ಗಳಿಗೆ ಐದು ವರ್ಷ ತುಂಬಿ ವಾರಂಟಿ ಮುಗಿಯುತ್ತ ಬಂದಾಗ, ಖರೀದಿ ಸಮಿತಿಯ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ಕೊಟೇಶನ್‌ಗಳು ಬರುತ್ತವೆ. ಒಂದರಲ್ಲಿ ಸರ್ವರ್, ಸ್ಟೋರೇಜ್, ನೆಟ್‌ವರ್ಕ್ ಸ್ವಿಚ್, ವರ್ಚುವಲ್ ಯಂತ್ರಗಳನ್ನು ನಡೆಸುವ ಹೈಪರ್‌ವೈಸರ್ ಎಲ್ಲವೂ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ, ಬೇರೆ ಬೇರೆ ಸಾಲುಗಳಲ್ಲಿ ಇರುತ್ತವೆ. ಇನ್ನೊಂದರಲ್ಲಿ ಅವೆಲ್ಲ ಸೇರಿ ಒಂದೇ ಸಾಲು, ಒಂದೇ ಮೊತ್ತ. ಎರಡರ ಪರವಾಗಿಯೂ ವಾದಿಸುವವರು ವರ್ಷಗಟ್ಟಲೆ ಡೇಟಾ ಸೆಂಟರ್ ನಡೆಸಿದವರೇ. ಹಾಗಾಗಿ ಒಂದು ಪಕ್ಷವನ್ನು ಮಾರಾಟಗಾರರ ಮಾತಿಗೆ ಮರುಳಾದವರೆಂದೋ, ಇನ್ನೊಂದನ್ನು ಹಳೆಯದಕ್ಕೆ ಜೋತುಬಿದ್ದವರೆಂದೋ ತಳ್ಳಿಹಾಕುವುದು ನ್ಯಾಯವಾಗಲಾರದು.

ಕೂಡಿಸಿದ ವ್ಯವಸ್ಥೆಯಲ್ಲೂ ಮೂರು ಮಾದರಿಗಳಿವೆ. 2009ರಲ್ಲಿ ಸಿಸ್ಕೊ ತನ್ನ ಯುಸಿಎಸ್ ಸರ್ವರ್‌ಗಳನ್ನು ಹೊರತಂದಿತು. ಅದೇ ವರ್ಷ ಸ್ಟೋರೇಜ್ ಕಂಪನಿ ಇಎಂಸಿ ಮತ್ತು ಹೈಪರ್‌ವೈಸರ್ ಕಂಪನಿ ವಿಎಂವೇರ್ ಜೊತೆಗೂಡಿ ವಿಸಿಇ ಕೂಟ ಕಟ್ಟಿತು. ಆ ಕೂಟದ ವಿಬ್ಲಾಕ್ ಕಾರ್ಖಾನೆಯಲ್ಲೇ ಜೋಡಣೆಯಾಗಿ, ಪರೀಕ್ಷೆಯಾಗಿ ರ್‍ಯಾಕ್ ಸಮೇತ ಬರುತ್ತಿದ್ದ ಮೊದಲ ಬಗೆಯ ಮಾದರಿ. ಮರುವರ್ಷ ಸಿಸ್ಕೊ ಮತ್ತು ನೆಟ್‌ಆ್ಯಪ್ ರೂಪಿಸಿದ ಫ್ಲೆಕ್ಸ್‌ಪಾಡ್ ಎರಡನೆಯ ಬಗೆ: ಪರೀಕ್ಷಿಸಿ ಸಿದ್ಧಪಡಿಸಿದ ನಕ್ಷೆಯನ್ನು ಕಂಪನಿಗಳು ಕೊಡುತ್ತವೆ, ಅದರಂತೆ ಜೋಡಿಸುವುದು ಸ್ಥಳೀಯ ಪಾಲುದಾರರ ಕೆಲಸ. ಮೂರನೆಯದು ಹೈಪರ್‌ಕನ್ವರ್ಜ್ಡ್. 2009ರಲ್ಲಿ ಸ್ಥಾಪನೆಯಾದ ನ್ಯೂಟಾನಿಕ್ಸ್ 2011ರಿಂದ ಮಾರುತ್ತ ಬಂದಿರುವ ಈ ಮಾದರಿಯಲ್ಲಿ ಪ್ರತ್ಯೇಕ ಸ್ಟೋರೇಜ್ ಪೆಟ್ಟಿಗೆಯೇ ಇರುವುದಿಲ್ಲ. ಪ್ರತಿ ಸರ್ವರ್‌ನೊಳಗಿನ ಡಿಸ್ಕ್‌ಗಳನ್ನು ತಂತ್ರಾಂಶವೇ ಒಟ್ಟುಗೂಡಿಸಿ ಒಂದು ಸ್ಟೋರೇಜ್ ಆಗಿ ತೋರಿಸುತ್ತದೆ. ವಿಎಂವೇರ್‌ನ ವಿಸ್ಯಾನ್ 2014ರಲ್ಲೂ, ಅದನ್ನು ಆಧರಿಸಿದ ವಿಎಕ್ಸ್‌ರೈಲ್ 2016ರಲ್ಲೂ ಇದೇ ದಾರಿಯಲ್ಲಿ ಬಂದವು.

ಕೂಡಿಸಿ ಕೊಳ್ಳಬೇಕೆನ್ನುವವರ ಮೊದಲ ಹಾಗೂ ಬಹುಶಃ ಅತ್ಯಂತ ಗಟ್ಟಿಯಾದ ಕಾರಣ ಹೊಣೆಗಾರಿಕೆ. ಬಿಡಿ ಭಾಗಗಳ ಡೇಟಾ ಸೆಂಟರ್‌ನಲ್ಲಿ ಸರ್ವರ್‌ನ ಫರ್ಮ್‌ವೇರ್, ಅಡಾಪ್ಟರ್‌ನ ಡ್ರೈವರ್, ಸ್ವಿಚ್‌ನ ತಂತ್ರಾಂಶ, ಸ್ಟೋರೇಜ್‌ನ ಆವೃತ್ತಿ ಮತ್ತು ಹೈಪರ್‌ವೈಸರ್ ಒಂದಕ್ಕೊಂದು ಹೊಂದಬೇಕು. ಒಂದನ್ನು ಮೇಲ್ದರ್ಜೆಗೇರಿಸಿದರೆ ಉಳಿದ ನಾಲ್ಕರ ಹೊಂದಾಣಿಕೆ ಪಟ್ಟಿಯನ್ನು ಮತ್ತೆ ತಿರುವಿಹಾಕಬೇಕು. ಅಪ್ಲಿಕೇಶನ್ ನಿಧಾನವಾದ ದಿನ ಸ್ಟೋರೇಜ್ ಕಂಪನಿ ನೆಟ್‌ವರ್ಕ್ ಕಡೆ ಬೊಟ್ಟುಮಾಡುತ್ತದೆ, ನೆಟ್‌ವರ್ಕ್ ಕಂಪನಿ ಹೈಪರ್‌ವೈಸರ್ ಕಡೆ. ಈ ಹೊಂದಾಣಿಕೆಯ ಕೆಲಸವನ್ನು ತಯಾರಕರೇ ಮೊದಲು ಮಾಡಿ, ಪರೀಕ್ಷಿಸಿದ ಆವೃತ್ತಿಗಳನ್ನು ಒಟ್ಟಾಗಿ ಕೊಟ್ಟರೆ, ಗ್ರಾಹಕರ ತಂಡ ತನ್ನ ಸಮಯವನ್ನು ವ್ಯವಹಾರಕ್ಕೆ ಬೇಕಾದ ಕೆಲಸಕ್ಕೆ ಕೊಡಬಹುದು ಎಂಬುದು ಈ ಪಕ್ಷದ ವಾದ.

ಬಿಡಿಯಾಗಿ ಕೊಳ್ಳುವವರು ಈ ತೊಂದರೆಯನ್ನು ಅಲ್ಲಗಳೆಯುವುದಿಲ್ಲ. ಅವರ ಪ್ರಶ್ನೆ ಆ ಹೊಣೆ ಎಷ್ಟು ವರ್ಷ ಬಾಳುತ್ತದೆ ಎಂಬುದು. ವಿಸಿಇ ಕೂಟದಲ್ಲಿ ಸಿಸ್ಕೊ 2014ರಲ್ಲಿ ತನ್ನ ಪಾಲನ್ನು ಶೇ 10ಕ್ಕೆ ಇಳಿಸಿಕೊಂಡಿತು. 2016ರಲ್ಲಿ ಇಎಂಸಿಯೇ ಡೆಲ್ ಪಾಲಾಯಿತು. ನೆಟ್‌ಆ್ಯಪ್ 2017ರಲ್ಲಿ ತಂದ ಹೈಪರ್‌ಕನ್ವರ್ಜ್ಡ್ ಉತ್ಪನ್ನದಿಂದ 2021ರಲ್ಲಿ ಹಿಂದೆ ಸರಿಯಿತು. ಸಿಸ್ಕೊ 2016ರಲ್ಲಿ ತಂದ ಅದೇ ಬಗೆಯ ಹೈಪರ್‌ಫ್ಲೆಕ್ಸ್‌ಗೆ 2023ರಲ್ಲಿ ವಿದಾಯ ಹೇಳಿ, ಪ್ರತಿಸ್ಪರ್ಧಿಯಾಗಿದ್ದ ನ್ಯೂಟಾನಿಕ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಇಂಥ ಪ್ರತಿ ಸಂದರ್ಭದಲ್ಲೂ ಹಳೆಯ ಗ್ರಾಹಕರಿಗೆ ಕೆಲವು ವರ್ಷಗಳ ಬೆಂಬಲ ಮುಂದುವರಿಯುವುದುಂಟು. ಆದರೂ ಕೂಡಿಸಿ ಕೊಂಡವರಿಗೆ ಒಂದು ಭಾಗದ ಭವಿಷ್ಯ ಮಸುಕಾದರೆ ಇಡೀ ವ್ಯವಸ್ಥೆಯ ಯೋಜನೆಯನ್ನೇ ಬದಲಿಸಬೇಕಾಗುತ್ತದೆ. ಬಿಡಿಯಾಗಿ ಕೊಂಡವರು ಆ ಒಂದು ಭಾಗವನ್ನಷ್ಟೇ ಬದಲಿಸಿದರೆ ಸಾಕು ಎಂದು ಅವರು ವಾದಿಸುತ್ತಾರೆ.

ಕೂಡಿಸುವ ಪಕ್ಷದ ಎರಡನೆಯ ಕಾರಣ ಹೈಪರ್‌ಕನ್ವರ್ಜ್ಡ್‌ನಲ್ಲಿ ಸಿಗುವ ಬೆಳವಣಿಗೆಯ ಸೌಲಭ್ಯ. ಸಾಂಪ್ರದಾಯಿಕ ಸ್ಟೋರೇಜ್ ಕೊಳ್ಳುವಾಗ ಐದು ವರ್ಷದ ಮುಂದಿನ ಬೇಡಿಕೆಯನ್ನು ಇಂದೇ ಊಹಿಸಬೇಕು; ಊಹೆ ಹೆಚ್ಚಾದರೆ ಹಣ ಹೂತುಹೋಗುತ್ತದೆ, ಕಡಿಮೆಯಾದರೆ ನಡುವೆಯೇ ಪೆಟ್ಟಿಗೆ ಬದಲಿಸಬೇಕಾದೀತು. ಹೈಪರ್‌ಕನ್ವರ್ಜ್ಡ್‌ನಲ್ಲಿ ಮೂರು ಸರ್ವರ್‌ಗಳಿಂದ ಆರಂಭಿಸಿ, ಅಗತ್ಯ ಬಿದ್ದಾಗ ಒಂದೊಂದನ್ನೇ ಸೇರಿಸುತ್ತ ಹೋಗಬಹುದು. ಸ್ಟೋರೇಜ್‌ಗೆಂದೇ ಇರುವ ಫೈಬರ್ ಚಾನೆಲ್‌ನ ಪ್ರತ್ಯೇಕ ಜಾಲ ಬೇಡ, ಅದನ್ನು ಬಲ್ಲ ಪರಿಣತರೂ ಬೇಡ. ಜೊತೆಗೆ, ಎರಡು ಕಂಟ್ರೋಲರ್‌ಗಳ ಒಂದೇ ಸ್ಟೋರೇಜ್ ಪೆಟ್ಟಿಗೆ ಪೂರ್ತಿ ಕೈಕೊಟ್ಟರೆ ಅದನ್ನು ನೆಚ್ಚಿದ ಸರ್ವರ್‌ಗಳೆಲ್ಲ ನಿಲ್ಲುತ್ತವೆ. ದತ್ತಾಂಶ ಹಲವು ಸರ್ವರ್‌ಗಳಲ್ಲಿ ಹಂಚಿಹೋಗಿದ್ದರೆ ಅಪಾಯವೂ ಹಂಚಿಹೋಗುತ್ತದೆ.

ಪ್ರತಿವಾದ ಇಲ್ಲಿ ಲೆಕ್ಕದ ರೂಪ ತಾಳುತ್ತದೆ. ತಲಾ 20 ಟೆರಾಬೈಟ್ ಡಿಸ್ಕ್ ಇರುವ ನಾಲ್ಕು ಸರ್ವರ್‌ಗಳನ್ನು ಕೊಂಡರೆ ಕಾಗದದ ಮೇಲೆ 80 ಟೆರಾಬೈಟ್. ಒಂದು ಸರ್ವರ್ ಕೆಟ್ಟಾಗ ಅದರ ದತ್ತಾಂಶವನ್ನು ಮರುನಿರ್ಮಿಸಲು ಅಷ್ಟು ಜಾಗ ಖಾಲಿ ಇಟ್ಟರೆ ಉಳಿಯುವುದು 60; ಪ್ರತಿ ಕಡತಕ್ಕೂ ಎರಡು ಪ್ರತಿ ಇಟ್ಟರೆ ಬಳಕೆಗೆ ಸಿಗುವುದು 30, ಮೂರು ಪ್ರತಿ ಇಟ್ಟರೆ 20. ಸ್ಟೋರೇಜ್ ನೋಡಿಕೊಳ್ಳುವ ತಂತ್ರಾಂಶವೂ ಪ್ರತಿ ಸರ್ವರ್‌ನ ಪ್ರೊಸೆಸರ್ ಹಾಗೂ ಮೆಮೊರಿಯಲ್ಲಿ ತನ್ನ ಪಾಲು ಪಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರೊಸೆಸರ್ ಮತ್ತು ಡಿಸ್ಕ್ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಜೊತೆಯಾಗಿಯೇ ಸಾಗಬೇಕು. ಸಿಸಿಟಿವಿ ದೃಶ್ಯ, ಸ್ಕ್ಯಾನ್ ಮಾಡಿದ ದಾಖಲೆ, ಆಸ್ಪತ್ರೆಯ ಎಕ್ಸ್‌ರೇ ಚಿತ್ರ ಇವುಗಳಿಗೆ ಬೇಕಾದುದು ಜಾಗ ಮಾತ್ರ. ಆದರೆ ಸರ್ವರ್ ಸೇರಿಸಿದಾಗ ಬೇಡದ ಪ್ರೊಸೆಸರ್‌ಗೂ ಹಣ ತೆರಬೇಕು. ಡೇಟಾಬೇಸ್‌ನ ಲೈಸೆನ್ಸ್ ಪ್ರೊಸೆಸರ್ ಕೋರ್‌ಗಳ ಲೆಕ್ಕದಲ್ಲಿದ್ದರೆ, ಯಂತ್ರಕ್ಕಿಂತ ಅದರ ಲೈಸೆನ್ಸೇ ದುಬಾರಿಯಾಗುವ ಸಂದರ್ಭವೂ ಉಂಟು.

ಈ ಲೆಕ್ಕಕ್ಕೂ ಉತ್ತರವಿದೆ. ಬಿಡಿ ಸ್ಟೋರೇಜ್ ಪೆಟ್ಟಿಗೆಯಲ್ಲೂ ದತ್ತಾಂಶ ಕಾಯುವ ರೇಡ್ ವ್ಯವಸ್ಥೆ ಮತ್ತು ಮೀಸಲು ಡಿಸ್ಕ್‌ಗಳಿಗಾಗಿ ಒಂದಷ್ಟು ಜಾಗ ಹೋಗುತ್ತದೆ. ಹೈಪರ್‌ಕನ್ವರ್ಜ್ಡ್‌ನ ಸಂಕುಚನ ಮತ್ತು (ಪೂರ್ತಿ ಪ್ರತಿಗಳ ಬದಲು ಮರುನಿರ್ಮಾಣಕ್ಕೆ ಬೇಕಾದಷ್ಟನ್ನೇ ಇಡುವ) ಇರೇಷರ್ ಕೋಡಿಂಗ್ ತಂತ್ರಗಳು ಕಳೆದುಕೊಂಡ ಜಾಗದ ಒಂದು ಭಾಗವನ್ನು ಹಿಂದಕ್ಕೆ ಕೊಡುತ್ತವೆ. ಸ್ಟೋರೇಜ್‌ಗೆಂದೇ ಮೀಸಲಾದ ಸರ್ವರ್‌ಗಳನ್ನೂ ಈಗ ಸೇರಿಸಬಹುದು. ಹೀಗಾಗಿ ಮೇಲಿನ ಲೆಕ್ಕ ಎಲ್ಲ ಸಂಸ್ಥೆಗಳಿಗೂ ಒಂದೇ ಬಗೆಯಾಗಿ ಅನ್ವಯಿಸದು. ಕಚೇರಿಯ ವರ್ಚುವಲ್ ಡೆಸ್ಕ್‌ಟಾಪ್‌ಗಳ ಹಾಗೆ ಒಂದೇ ತೆರನಾದ ನೂರಾರು ಪ್ರತಿಗಳಿರುವಲ್ಲಿ ಸಂಕುಚನ ಚೆನ್ನಾಗಿ ಫಲ ಕೊಡುತ್ತದೆ. ಈಗಾಗಲೇ ಸಂಕುಚಿತವಾದ ವಿಡಿಯೊ ಕಡತಗಳಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಜನಬಲದ ವಿಷಯದಲ್ಲೂ ಎರಡು ಮಾತುಗಳಿವೆ. ನ್ಯೂಟಾನಿಕ್ಸ್, ನೆಟ್‌ಆ್ಯಪ್, ಡೆಲ್, ಸಿಸ್ಕೊ, ಎಚ್‌ಪಿಇ ಎಲ್ಲವಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ. ಹಾಗೆಂದು ಹುಬ್ಬಳ್ಳಿಯ ಕಾರ್ಖಾನೆಗೋ ಮಂಗಳೂರಿನ ಆಸ್ಪತ್ರೆಗೋ ರಾತ್ರಿ ಪಾಳಿಯಲ್ಲಿ ಸ್ಟೋರೇಜ್ ಪರಿಣತರು ಸುಲಭವಾಗಿ ಸಿಗುತ್ತಾರೆಂದು ಭಾವಿಸುವಂತಿಲ್ಲ. ಇಬ್ಬರು ಮೂವರು ಸಿಬ್ಬಂದಿಯಲ್ಲೇ ಎಲ್ಲವನ್ನೂ ನಿಭಾಯಿಸಬೇಕಾದ ಇಂಥ ಸಂಸ್ಥೆಗೆ, ಒಂದೇ ಪರದೆಯಲ್ಲಿ ಎಲ್ಲವನ್ನೂ ನೋಡಿಕೊಳ್ಳುವ ವ್ಯವಸ್ಥೆ ಅನುಕೂಲಕ್ಕಿಂತ ಹೆಚ್ಚಾಗಿ ಅನಿವಾರ್ಯವೆನಿಸಬಹುದು. ಆದರೆ ಒಳಗಿನ ಕೆಲಸವನ್ನೆಲ್ಲ ತಂತ್ರಾಂಶಕ್ಕೆ ಒಪ್ಪಿಸಿದ ತಂಡ ಕ್ರಮೇಣ ಆ ತಿಳಿವಳಿಕೆಯನ್ನೇ ಕಳೆದುಕೊಳ್ಳುತ್ತದೆ ಎಂಬ ಎಚ್ಚರಿಕೆಯೂ ಹುಸಿಯಲ್ಲ. ಒಂದು ಗುಂಡಿಯಿಂದ ನಡೆಯುವ ಅಪ್‌ಗ್ರೇಡ್ ಅರ್ಧಕ್ಕೆ ನಿಂತ ದಿನ, ಒಳಗೆ ಏನು ನಡೆಯುತ್ತಿದೆಯೆಂದು ಬಲ್ಲವರು ಕಟ್ಟಡದಲ್ಲಿ ಒಬ್ಬರೂ ಇಲ್ಲದಿರುವುದು ಸಣ್ಣ ಅಪಾಯವಲ್ಲ.

ಈಚಿನ ಘಟನೆಯೊಂದನ್ನು ಎರಡೂ ಪಕ್ಷಗಳು ತಮ್ಮ ತಮ್ಮ ಸಾಕ್ಷಿಯಾಗಿ ಉಲ್ಲೇಖಿಸುತ್ತವೆ. ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ವಿಎಂವೇರ್ ಖರೀದಿಯನ್ನು ಪೂರ್ಣಗೊಳಿಸಿ, ಮರುತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟವನ್ನು ನಿಲ್ಲಿಸಿತು. ಇನ್ನು ಮುಂದೆ ಕೋರ್ ಲೆಕ್ಕದ ಚಂದಾ ಮಾತ್ರ, ಅದೂ ಕೆಲವೇ ಕಟ್ಟುಗಳ ರೂಪದಲ್ಲಿ. ಹಲವು ಗ್ರಾಹಕರ ವಾರ್ಷಿಕ ವೆಚ್ಚ ಏರಿತು. ಸ್ಟೋರೇಜ್‌ಗೂ ಅದೇ ಕಂಪನಿಯ ವಿಸ್ಯಾನ್ ನೆಚ್ಚಿದ್ದವರು ಹೈಪರ್‌ವೈಸರ್ ಬಿಡಬೇಕೆಂದರೆ ದತ್ತಾಂಶವನ್ನೂ ಎತ್ತಿಕೊಂಡು ಹೊರಡಬೇಕು. ಪ್ರತ್ಯೇಕ ಸ್ಟೋರೇಜ್ ಇದ್ದವರು ಅದನ್ನು ಉಳಿಸಿಕೊಂಡೇ ಬೇರೆ ಹೈಪರ್‌ವೈಸರ್‌ಗೆ ದಾಟಬಹುದಿತ್ತು ಎನ್ನುತ್ತಾರೆ ಬಿಡಿ ಪಕ್ಷದವರು. ಇನ್ನೊಂದು ಪಕ್ಷದ ಉತ್ತರವೂ ತೂಕದ್ದೇ: ಬಿಡಿಯಾಗಿ ಕೊಂಡವರೂ ಬಹುತೇಕ ಅದೇ ಹೈಪರ್‌ವೈಸರ್ ಬಳಸುತ್ತಿದ್ದುದರಿಂದ ಬೆಲೆಯ ಬಿಸಿ ಅವರಿಗೂ ತಟ್ಟಿತು. ತನ್ನದೇ ಹೈಪರ್‌ವೈಸರ್ ಇಟ್ಟುಕೊಂಡ ನ್ಯೂಟಾನಿಕ್ಸ್‌ನಂತಹ ಹೈಪರ್‌ಕನ್ವರ್ಜ್ಡ್ ಕಂಪನಿಯೇ ಆಗ ಪರ್ಯಾಯವಾಗಿ ಒದಗಿತು. ಎರಡು ಮಾತುಗಳನ್ನೂ ಒಟ್ಟಿಗಿಟ್ಟು ನೋಡಿದರೆ, ಪರಾವಲಂಬನೆ ಒಂದು ಪೆಟ್ಟಿಗೆಯ ಆಕಾರದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ, ಹೊರಬರುವ ದಾರಿಯನ್ನು ಮೊದಲೇ ಯೋಚಿಸದಿರುವುದರಿಂದ ಹುಟ್ಟುತ್ತದೆ ಎನ್ನಬೇಕಾಗುತ್ತದೆ.

ಮಾರುಕಟ್ಟೆಯೂ ನಡುವಿನ ಕಡೆಗೇ ವಾಲುತ್ತಿದೆ. ಎಚ್‌ಪಿಇ 2019ರಲ್ಲಿ, ನಿರ್ವಹಣೆ ಒಂದೇ ಕಡೆ ಇದ್ದರೂ ಸರ್ವರ್ ಮತ್ತು ಸ್ಟೋರೇಜ್ ಪ್ರತ್ಯೇಕವಾಗಿ ಬೆಳೆಯಬಲ್ಲ ಮಾದರಿಯನ್ನು ತಂದಿತು. ಪ್ರತ್ಯೇಕ ಸ್ಟೋರೇಜ್ ಬೇಡವೆಂದೇ ಹೊರಟಿದ್ದ ನ್ಯೂಟಾನಿಕ್ಸ್ ಕೂಡ ಈಗ ಡೆಲ್‌ನ ಪವರ್‌ಫ್ಲೆಕ್ಸ್‌ನಂತಹ ಹೊರಗಿನ ಸ್ಟೋರೇಜ್‌ಗೆ ಬಾಗಿಲು ತೆರೆದಿದೆ. ಇದನ್ನು ಒಂದು ಪಕ್ಷದ ಸೋಲೆಂದು ಓದುವುದು ಸರಿಯಾಗದು. ನಿರ್ವಹಣೆ ಕೂಡಿರಲಿ, ಬೆಳವಣಿಗೆ ಬಿಡಿಯಾಗಿರಲಿ ಎಂಬ ಗ್ರಾಹಕರ ಬೇಡಿಕೆಗೆ ಎರಡೂ ಕಡೆಯವರು ತಲೆಬಾಗಿದ್ದಾರೆ ಎಂಬ ಅರ್ಥವಷ್ಟೇ ಅದರಿಂದ ಹೊರಡುತ್ತದೆ.

ಇಷ್ಟನ್ನೂ ತೂಗಿ ಒಂದು ಕಡೆ ವಾಲಲೇಬೇಕೆಂದರೆ, ಎಚ್ಚರದಿಂದ ಹೀಗೆ ಹೇಳಬಹುದು. ಇಡೀ ಡೇಟಾ ಸೆಂಟರ್‌ಗೆ ಒಂದೇ ಉತ್ತರ ಹುಡುಕುವ ಬದಲು ಕೆಲಸದ ಸ್ವಭಾವಕ್ಕೆ ತಕ್ಕಂತೆ ಆಯ್ಕೆ ಮಾಡುವುದು ಹೆಚ್ಚಿನ ಸಂಸ್ಥೆಗಳಿಗೆ ಒಪ್ಪುವ ದಾರಿ. ಶಾಖೆಗಳು, ವರ್ಚುವಲ್ ಡೆಸ್ಕ್‌ಟಾಪ್, ಸಾಮಾನ್ಯ ಕಚೇರಿ ಅಪ್ಲಿಕೇಶನ್‌ಗಳು ಹೈಪರ್‌ಕನ್ವರ್ಜ್ಡ್‌ಗೆ ಚೆನ್ನಾಗಿ ಹೊಂದುತ್ತವೆ. ಕೋರ್ ಲೆಕ್ಕದ ಲೈಸೆನ್ಸ್ ಇರುವ ದೊಡ್ಡ ಡೇಟಾಬೇಸ್ ಮತ್ತು ಜಾಗವನ್ನಷ್ಟೇ ಬೇಡುವ ದಾಖಲೆ ಸಂಗ್ರಹಕ್ಕೆ ಪ್ರತ್ಯೇಕ ಸ್ಟೋರೇಜ್ ಇರುವುದು ಲೇಸು. ಅದನ್ನು ಫ್ಲೆಕ್ಸ್‌ಪಾಡ್ ಮಾದರಿಯ ಪರೀಕ್ಷಿತ ನಕ್ಷೆಯಂತೆ ಜೋಡಿಸಿದರೆ ಹೊಂದಾಣಿಕೆಯ ತಲೆನೋವೂ ತಗ್ಗುತ್ತದೆ. ಇದಕ್ಕೂ ಬೆಲೆಯಿದೆ: ಎರಡು ವ್ಯವಸ್ಥೆಗಳೆಂದರೆ ಎರಡು ತರಬೇತಿ, ಎರಡು ಬೆಂಬಲ ಒಪ್ಪಂದ. ಇಬ್ಬರೇ ಸಿಬ್ಬಂದಿಯಿರುವ ಸಂಸ್ಥೆ ಪೂರ್ತಿ ಹೈಪರ್‌ಕನ್ವರ್ಜ್ಡ್‌ಗೆ ಹೋದರೆ ಅದನ್ನು ತಪ್ಪೆನ್ನಲಾಗದು. ನುರಿತ ತಂಡವಿರುವ ದೊಡ್ಡ ಬ್ಯಾಂಕ್ ಬಿಡಿ ಭಾಗಗಳಲ್ಲೇ ಉಳಿದರೆ ಅದಕ್ಕೂ ಕಾರಣವಿದೆ.

ಯಾವ ದಾರಿ ಹಿಡಿದರೂ ಸಹಿ ಹಾಕುವ ಮುನ್ನ ಮೂರು ಸಂಗತಿಗಳು ಕಾಗದದ ಮೇಲಿರುವುದು ಒಳಿತು. ಕಳೆದ ಮೂರು ವರ್ಷಗಳಲ್ಲಿ ಪ್ರೊಸೆಸರ್ ಬೇಡಿಕೆ ಮತ್ತು ಜಾಗದ ಬೇಡಿಕೆ ಪ್ರತ್ಯೇಕವಾಗಿ ಎಷ್ಟೆಷ್ಟು ಬೆಳೆದವು ಎಂಬ ಸ್ವಂತ ಲೆಕ್ಕ ಮೊದಲನೆಯದು. ಭಾಗಗಳ ನಡುವೆ ತಕರಾರು ಬಂದರೆ ಯಾರು ಉತ್ತರಿಸಬೇಕು ಎಂಬ ಸ್ಪಷ್ಟ ಕರಾರು ಎರಡನೆಯದು. ಮೂರನೆಯದು, ಐದು ವರ್ಷಗಳ ಬಳಿಕ ದತ್ತಾಂಶವನ್ನು ಬೇರೆಡೆಗೆ ಸಾಗಿಸಲು ತಗಲುವ ಸಮಯ ಮತ್ತು ವೆಚ್ಚದ ಅಂದಾಜು. ಈ ಮೂರನ್ನು ತಾನೇ ಬರೆದುಕೊಳ್ಳಬಲ್ಲ ಸಮಿತಿಗೆ ಎರಡು ಕೊಟೇಶನ್‌ಗಳಲ್ಲಿ ಯಾವುದನ್ನು ಆರಿಸಿದರೂ ದೊಡ್ಡ ನಷ್ಟವಾಗಲಾರದು; ಬರೆದುಕೊಳ್ಳಲಾಗದಿದ್ದರೆ ಖರೀದಿಯನ್ನು ಒಂದು ತ್ರೈಮಾಸಿಕ ಮುಂದೂಡಿ, ಹಳೆಯ ಯಂತ್ರಗಳ ವಾರಂಟಿಯನ್ನು ಅಷ್ಟು ಕಾಲಕ್ಕೆ ವಿಸ್ತರಿಸಿಕೊಳ್ಳುವುದೇ ಬಹುಶಃ ಅಗ್ಗ.