ಸುಡಬೇಡಿ, ಕೊಂಡು ಕೇಳಿ

ಯುಗಾದಿಯ ಮುನ್ನ ಸುಣ್ಣ ಬಳಿಯುವ ಹೊತ್ತಿಗೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಊರುಗಳ ಮನೆಗಳಲ್ಲಿ ಅಟ್ಟದಿಂದ ಕೆಳಗಿಳಿಯುವ ಸಾಮಾನುಗಳ ನಡುವೆ ಕ್ಯಾಸೆಟ್ಟುಗಳ ಒಂದು ಡಬ್ಬಿ ಇದ್ದೇ ಇರುತ್ತದೆ. ಅದೃಷ್ಟವಿದ್ದ ಮನೆಯಲ್ಲಿ ಗ್ರಾಮಫೋನ್ ತಟ್ಟೆಗಳ ಕಟ್ಟೂ ಇರುತ್ತದೆ. ಕ್ಯಾಸೆಟ್ಟುಗಳಲ್ಲಿ ಒಂದು ಪಾಲು ಭಂಗಾರದ ಅಂಗಡಿಗೆ ತೂಕದ ಲೆಕ್ಕದಲ್ಲಿ ಹೋಗುತ್ತದೆ; ಉಳಿದದ್ದು ಹೊಲದ ಬದುವಿನ ಮೇಲೆ ಕಸದೊಡನೆ ಉರಿಯುತ್ತದೆ. ಚಿಂಚೋಳಿಯ ಗುಡ್ಡದ ಅಂಚಿನ ತಾಂಡಾಗಳಲ್ಲಾಗಲಿ, ಮಲೆನಾಡಿನ ಹಳ್ಳಿಗಳಲ್ಲಾಗಲಿ ನಡೆಯುವುದೂ ಇದೇ. ಹೀಗೆ ಉರಿಯುವುದು ಬರಿಯ ಕಸವೆಂದು ನಂಬಿದವರೊಡನೆ ಜಗಳ ತೆಗೆಯುವುದು ಈ ಬರಹದ ಉದ್ದೇಶ.

ಮೊದಲು ಹೊಗೆಯ ಮಾತು. ಎಲ್‌ಪಿ ತಟ್ಟೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದು. ಅದನ್ನು ಬಯಲಲ್ಲಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಕಟು ಅನಿಲವೂ ಡಯಾಕ್ಸಿನ್ ಜಾತಿಯ ವಿಷಗಳೂ ಹುಟ್ಟುತ್ತವೆ. ಕ್ಯಾಸೆಟ್ಟಿನ ಕವಚ ಸಾಮಾನ್ಯವಾಗಿ ಪಾಲಿಸ್ಟೈರೀನ್. ಒಳಗಿನ ಪಟ್ಟಿ ಪಾಲಿಯೆಸ್ಟರ್, ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಅದರ ಕಪ್ಪು ಮಸಿಹೊಗೆ ಕೇರಿಯ ಮಕ್ಕಳ ಎದೆಗೆ ನೇರವಾಗಿ ಇಳಿಯುತ್ತದೆ. ಕಸವನ್ನು ಬಯಲಲ್ಲಿ ಸುಡಬಾರದೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ನಿಯಮ ಕಾಗದದಲ್ಲಿದೆ, ಹೊಗೆ ಊರಲ್ಲಿದೆ. ಸಿಮೆಂಟ್ ಕಾರ್ಖಾನೆಯ ಧೂಳನ್ನು ಕುರಿತು ಅರ್ಜಿ ಬರೆಯುವವರು ತಮ್ಮ ಮನೆಯ ಹಿತ್ತಿಲಿನ ಹೊಗೆಯನ್ನು ಕಾಣದಿರುವುದು ಸೋಜಿಗ.

ಇನ್ನು ದನಿಯ ಮಾತು. ‘ಎಲ್ಲವೂ ಫೋನಿನಲ್ಲಿ ಸಿಗುತ್ತದೆ, ಈ ಹಳೆಯ ಡಬ್ಬಿ ಏಕೆ?’ ಎಂಬುದು ವಿದ್ಯಾವಂತರ ವಾದ. ಈ ವಾದ ಅರ್ಧ ಸತ್ಯ. ದೊಡ್ಡ ಕಂಪನಿಗಳ ಮಟ್ಟಿಗೆ ಮಾತ್ರ ನಿಜ. ಭೀಮಸೇನ ಜೋಶಿಯವರ ದಾಸವಾಣಿ ಫೋನಿನಲ್ಲಿದೆ, ರಾಜಕುಮಾರರ ಚಿತ್ರಗೀತೆಗಳಿವೆ. ಆದರೆ 1980 ಮತ್ತು 1990ರ ದಶಕಗಳಲ್ಲಿ ಕ್ಯಾಸೆಟ್ ಅಗ್ಗವಾದಾಗ ಜಿಲ್ಲೆ ಜಿಲ್ಲೆಗಳಲ್ಲಿ ಸಣ್ಣ ಬಂಡವಾಳದವರು ಹಾಡುಗಾರರನ್ನು ಕೂರಿಸಿ ಮುದ್ರಿಸಿಕೊಂಡದ್ದುಂಟು: ಏಕತಾರಿ ಹಿಡಿದ ತತ್ವಪದಕಾರರು, ಮೊಹರಂ ಪದದ ಮೇಳಗಳು, ಗೀಗೀ ತಂಡಗಳು, ಭಜನಾ ಮಂಡಳಿಗಳು. ಅಂಥ ಕಂಪನಿ ಬಾಗಿಲು ಹಾಕಿದ ಮೇಲೆ ಮೂಲ ಟೇಪನ್ನು ಕಾಪಾಡುವವರಿಲ್ಲ. ಕಡಕೋಳ ಮಡಿವಾಳಪ್ಪನವರ ಪರಂಪರೆ ಬೆಳೆದ ಈ ಸೀಮೆಯಲ್ಲಿ ಒಬ್ಬ ಅಜ್ಜ ತನ್ನೂರಿನ ಮಟ್ಟಿನಲ್ಲಿ ಹಾಡಿದ ಪದ ಇಂದು ಎಲ್ಲಿಯಾದರೂ ಉಳಿದಿದ್ದರೆ ಅದು ಯಾರದೋ ಅಟ್ಟದ ಡಬ್ಬಿಯಲ್ಲಿ. ಕೊನೆಯ ಪ್ರತಿಯನ್ನು ಸುಟ್ಟವನಿಗೆ ತಾನು ಸುಟ್ಟದ್ದು ಕೊನೆಯ ಪ್ರತಿಯೆಂದು ತಿಳಿಯುವುದೇ ಇಲ್ಲ. ಒಂದು ತಳಿಯ ಜೋಳದ ಕೊನೆಯ ತೆನೆಯನ್ನು ದನಕ್ಕೆ ಹಾಕಿದಂತೆಯೇ ಇದು. ಬೀಜ ಉಳಿಸಿ ಎಂದು ಊರೂರು ತಿರುಗುವ ಪರಿಸರಾಸಕ್ತರು ದನಿಯ ಬೀಜದ ವಿಷಯಕ್ಕೆ ಬಂದಾಗ ಮಾತ್ರ ಇದು ಪಟ್ಟಣದವರ ಹವ್ಯಾಸವೆಂದು ಮೂಗು ಮುರಿಯುತ್ತಾರೆ.

ಮೂಗು ಮುರಿಯುವವರು ಹಳೆಯ 78 ಸುತ್ತಿನ ತಟ್ಟೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಅದು ಪ್ಲಾಸ್ಟಿಕ್ ಅಲ್ಲವೇ ಅಲ್ಲ. ಅದರಲ್ಲಿ ಸುಮಾರು ಮೂರನೆಯ ಒಂದು ಪಾಲು ಅರಗು. ಉಳಿದದ್ದರಲ್ಲಿ ಬಹುಪಾಲು ನುಣ್ಣಗೆ ಅರೆದ ಕಲ್ಲಿನ ಹುಡಿ, ಜೊತೆಗೆ ಹತ್ತಿಯ ನಾರು ಮತ್ತು ಕಾಡಿಗೆ. ಅರಗು ಮರದ ಟೊಂಗೆಗಳ ಮೇಲೆ ಕೂತ ಪುಟ್ಟ ಕೀಟದ ಸ್ರಾವ. ಚಿಂಚೋಳಿಯಂಥ ಎಲೆಯುದುರುವ ಕಾಡುಗಳಲ್ಲಿ ಬೆಳೆಯುವ ಮುತ್ತುಗದ ಮರ ಅದಕ್ಕೆ ಪ್ರಿಯವಾದ ಆಸರೆ. ಕಲ್ಲಿನ ಹುಡಿಗೆ ಬಳಸುತ್ತಿದ್ದುದು ಸ್ಲೇಟು ಇಲ್ಲವೆ ಸುಣ್ಣಕಲ್ಲು. ಕರ್ನಾಟಕದ ಮನೆ ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲೂ ಸುಣ್ಣಕಲ್ಲಿನ ಕುಲದ್ದೇ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ತಟ್ಟೆಗಳು ಅಚ್ಚಾಗಿ ಬರಬೇಕಾದದ್ದು ಜರ್ಮನಿಯಿಂದ. 1908ರಲ್ಲಿ ಗ್ರಾಮೋಫೋನ್ ಕಂಪನಿ ಕಲ್ಕತ್ತೆಯಲ್ಲೇ ಕಾರ್ಖಾನೆ ತೆರೆಯಿತು. ಕಾಡಿನ ಅರಗೂ ಗುಡ್ಡದ ಕಲ್ಲೂ ಕೂಡಿ ಗಾಯಕಿಯ ಕಂಠವನ್ನು ಹಿಡಿದಿಟ್ಟ ವಸ್ತುವಿಗೆ ಕಾಡಿನ ಜನರು ‘ನಮಗೆ ಸಂಬಂಧವಿಲ್ಲ’ ಎನ್ನುವುದು ಹೇಗೆ?

ಆದುದರಿಂದ ಕೊಳ್ಳಬೇಕು. ಆದರೆ ಹಳೆಯದನ್ನೇ, ಅಗ್ಗಕ್ಕೇ ಕೊಳ್ಳಬೇಕು. ಇತ್ತೀಚಿನ ವರ್ಷಗಳಲ್ಲಿ ನಗರಗಳಲ್ಲಿ ಹೊಸ ಎಲ್‌ಪಿಗಳನ್ನು ಅಚ್ಚು ಹಾಕಿ ಸಾವಿರಾರು ರೂಪಾಯಿಗೆ ಮಾರುವ ಗೀಳು ಹುಟ್ಟಿದೆ. ಹಳೆಯ ನೆನಪಿನ ಹೆಸರಿನಲ್ಲಿ ಹೊಸ ಪಿವಿಸಿ ಮಾಡುವುದು ಹಸಿರಿನ ಕೆಲಸವಲ್ಲ. ಹಾಗೆಯೇ ‘ಆಂಟಿಕ್’ ಎಂಬ ಒಂದು ಪದ ಸೇರಿಸಿ ಬೆಲೆಯನ್ನು ಹತ್ತು ಪಟ್ಟು ಮಾಡುವ ದಲ್ಲಾಳಿಗಳಿಂದಲೂ ದೂರವಿರುವುದು ಲೇಸು. ತೂಕಕ್ಕೆ ಕೊಂಡ ಕ್ಯಾಸೆಟ್ಟಿಗೆ ಭಂಗಾರದವನು ಒಂದೆರಡು ಚಹಾದ ಬೆಲೆಗಿಂತ ಹೆಚ್ಚು ಕೇಳಿದರೆ ಚೌಕಾಸಿ ಮಾಡುವುದರಲ್ಲಿ ತಪ್ಪಿಲ್ಲ. ವಾಡಿ ಜಂಕ್ಷನ್ನಿನಿಂದ ರೈಲು ಹತ್ತಿದರೆ ಹೈದರಾಬಾದು ಕೆಲವೇ ಗಂಟೆಗಳ ದಾರಿ; ಅಲ್ಲಿಯ ಗುರುವಾರದ ಜುಮ್ಮೇರಾತ್ ಬಜಾರ್ ಹಳೆಯ ಸಾಮಾನಿಗೆ ಹೆಸರಾದದ್ದು. ಆದರೆ ಮೊದಲು ಹುಡುಕಬೇಕಾದದ್ದು ಸ್ವಂತ ಊರಿನ ಭಂಗಾರದ ಅಂಗಡಿಯನ್ನು.

ಯಾವುದನ್ನು ಕೊಳ್ಳಬೇಕು? ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಕಂಡರೆ ಎರಡನೆಯ ಯೋಚನೆ ಬೇಡ. ಧಾರವಾಡದ ಸೀಮೆಯ ಈ ಗಾಯಕರು ಜೈಪುರ ಅತ್ರೌಲಿ ಘರಾಣೆಯ ಅಪರೂಪದ ರಾಗಗಳನ್ನು ಹಳ್ಳಿಯ ರೈತನೂ ತಲೆದೂಗುವಂತೆ ಹಾಡಿದವರು. ಅವರ ವಚನಗಾಯನ ಕಲ್ಯಾಣ ಕರ್ನಾಟಕದ ಮನೆಗಳಿಗೆ ಹೊಸದೇನಲ್ಲ. ವಚನಗಳಿಗೆ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ದನಿಯನ್ನೂ ಹುಡುಕಬೇಕು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯರೋಗದಿಂದ ಒಂದು ಶ್ವಾಸಕೋಶದ ಬಲವನ್ನೇ ಕಳೆದುಕೊಂಡು, ದೇವಾಸದ ಹಾಸಿಗೆಯ ಮೇಲೆ ಮಲಗಿ ಮಾಳ್ವದ ಹಳ್ಳಿಗಳ ಹಾಡನ್ನು ಕಿವಿಗೊಟ್ಟು ಕೇಳಿದವರು. ಮುಂದೆ ಆ ಜನಪದ ಮಟ್ಟುಗಳನ್ನೂ ಕಬೀರನ ನಿರ್ಗುಣ ಭಜನೆಗಳನ್ನೂ ಹಾಡಿದರು. ಮಳೆಗಾಲಕ್ಕೆ, ಹೇಮಂತಕ್ಕೆ, ವಸಂತಕ್ಕೆ ಬೇರೆ ಬೇರೆ ಕಾರ್ಯಕ್ರಮಗಳನ್ನೇ ಕಟ್ಟಿದರು. ಋತುಮಾನ ಕೆಟ್ಟಿತೆಂದು ಭಾಷಣ ಮಾಡುವ ವಿದ್ಯಾರ್ಥಿಗಳು ಋತು ಹೇಗಿತ್ತೆಂಬುದನ್ನು ಇವರಿಂದ ಕೇಳಿ ತಿಳಿಯಬಹುದು.

ವಾದ್ಯಸಂಗೀತದಲ್ಲಿ 1967ರ ‘ಕಾಲ್ ಆಫ್ ದಿ ವ್ಯಾಲಿ’ಯನ್ನು ಗುಡ್ಡದ ಜನ ಕೇಳಲೇಬೇಕು. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲು, ಬೃಜಭೂಷಣ ಕಾಬ್ರಾರ ಗಿಟಾರು ಮೂರೂ ಸೇರಿ ಕಾಶ್ಮೀರದ ಒಬ್ಬ ಕುರಿಗಾಹಿಯ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ರಾಗರಾಗವಾಗಿ ಬಿಡಿಸುತ್ತವೆ. ಅದು ಬಹಳ ಮಾರಾಟವಾದ ತಟ್ಟೆ. ಆದ್ದರಿಂದಲೇ ಹಳೆಯ ಪ್ರತಿ ಸುಲಭವಾಗಿ ದೊರೆಯುತ್ತದೆ, ಹೆಚ್ಚು ಹಣ ಕೊಡುವ ಕಾರಣವಿಲ್ಲ. ಕಲಬುರಗಿಯ ಬಂದಾನವಾಜ್ ದರ್ಗಾದ ಉರುಸಿಗೆ ಹೋಗಿ ಬಂದವರಿಗೆ ಕವ್ವಾಲಿಯ ಪರಿಚಯ ಮಾಡಿಸಬೇಕಿಲ್ಲ. ಸಾಬ್ರಿ ಸಹೋದರರ ಕ್ಯಾಸೆಟ್ಟುಗಳನ್ನೂ ಬೇಗಂ ಅಖ್ತರರ ಗಜಲ್ ತಟ್ಟೆಗಳನ್ನೂ ಈ ಸೀಮೆಯ ಉರ್ದು ಮನೆಗಳಲ್ಲಿ ಕೇಳಿ ನೋಡಬಹುದು. ಭಾವಗೀತೆಯಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಕೂಡಿಸಿದ ‘ನಿತ್ಯೋತ್ಸವ’ 1978ರದು. ಕನ್ನಡದಲ್ಲಿ ಕ್ಯಾಸೆಟ್ಟಿನ ಯುಗಕ್ಕೆ ಬಾಗಿಲು ತೆರೆದದ್ದು ಅದೇ. ಸಿ. ಅಶ್ವತ್ಥರ ಶರೀಫ ಗೀತೆಗಳು ಎಲ್ಲೆಡೆ ಸಿಗುವುದರಿಂದ ಎರಡನೆಯ ಸಾಲಿಗೆ. ಚಿತ್ರಗೀತೆಗಳ ಕ್ಯಾಸೆಟ್ಟುಗಳಿಗೆ ಹಣ ಹಾಕುವುದು ದಂಡ. ಅವು ಎಂದೂ ಕಳೆದುಹೋಗುವುದಿಲ್ಲ. ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಭದ್ರಗಿರಿ ಅಚ್ಯುತದಾಸರ ಹರಿಕಥೆ ಸಿಕ್ಕರೆ ಬಿಡಬಾರದು. ನೂರಿನ್ನೂರು ಹಾಡು ತುಂಬಿದ, ಕಂಪನಿಯ ಹೆಸರಿಲ್ಲದ ಎಂಪಿ3 ಸಿಡಿಗಳನ್ನು ಮುಟ್ಟುವುದೇ ಬೇಡ. ಮನೆಯಲ್ಲಿ ಬರೆದ ಸಿಡಿಯ ಬಣ್ಣದ ಪದರ ಬಿಸಿಲಿಗೆ ಕೆಡುತ್ತದೆ.

ಎಲ್ಲಕ್ಕಿಂತ ಮೇಲಿನ ಸ್ಥಾನ ಹೆಸರಿಲ್ಲದವರಿಗೆ. ಮುಖಪುಟ ಹರಿದ, ಪೆನ್ನಿನಲ್ಲಿ ‘ಭಜನಿ ಪದ’ ಎಂದಷ್ಟೇ ಬರೆದ ಕ್ಯಾಸೆಟ್ ಮನ್ಸೂರರ ತಟ್ಟೆಯ ಪಕ್ಕದಲ್ಲಿ ಬಿದ್ದಿದ್ದರೆ, ಜೇಬಿನಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ, ಕೊಳ್ಳಬೇಕಾದದ್ದು ಮೊದಲಿನದನ್ನು. ಮನ್ಸೂರರಿಗೆ ಕಾವಲುಗಾರರಿದ್ದಾರೆ.

ಕೊಳ್ಳುವಾಗ ಕಣ್ಣು ತೆರೆದಿರಬೇಕು. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗೀರು ಕಾಣುತ್ತದೆ. ಉಗುರಿಗೆ ತಾಕುವ ಗೀರಿದ್ದರೆ ಬಿಟ್ಟುಬಿಡುವುದು. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಪತ್ರಾಸಿನ ಕೆಳಗೆ ಒಂದರ ಮೇಲೊಂದು ಪೇರಿಸಿದ ಎಲ್‌ಪಿ ಸೊಟ್ಟಗಾಗಿರುತ್ತದೆ, ಅದು ಸರಿಹೋಗದು. ಕ್ಯಾಸೆಟ್ಟಿನಲ್ಲಿ ಬಿಳಿ ಬೂಷ್ಟು ಇದೆಯೇ, ಪಟ್ಟಿಯ ಹಿಂದಿನ ಪುಟ್ಟ ಉಣ್ಣೆಯ ತುಂಡು ಉದುರಿದೆಯೇ ಎಂದು ನೋಡಬೇಕು. ಸ್ಕ್ರೂ ಹಾಕಿದ ಕವಚವಾದರೆ ಬಿಚ್ಚಿ ಆ ತುಂಡನ್ನು ಬದಲಿಸಬಹುದು, ಅಂಟಿಸಿದ್ದಾದರೆ ಕಷ್ಟ. ನುಡಿಸುವ ಮುನ್ನ ಪೆನ್ಸಿಲ್ ತೂರಿಸಿ ಒಮ್ಮೆ ಪೂರ್ತಿ ಸುತ್ತಿ ಸಡಿಲ ಮಾಡಿಕೊಳ್ಳುವುದು ಕ್ಷೇಮ. ಎಲ್‌ಪಿಯನ್ನು ನಡುವಿನ ಕಾಗದ ನೆನೆಯದಂತೆ ಉಗುರುಬೆಚ್ಚನೆಯ ನೀರು, ತುಸು ಸಾಬೂನಿನಿಂದ ತೊಳೆಯಬಹುದು. ಆದರೆ 78ರ ತಟ್ಟೆಗೆ ಸ್ಪಿರಿಟ್ ಸೋಂಕಲೇಬಾರದು, ಅರಗು ಅದರಲ್ಲಿ ಕರಗುತ್ತದೆ. ಎಲ್‌ಪಿಯ ಸೂಜಿಯಿಂದ 78ನ್ನು ನುಡಿಸುವುದೂ 78ರ ಉಕ್ಕಿನ ಸೂಜಿಯನ್ನು ಎಲ್‌ಪಿಯ ಮೇಲೆ ಇಡುವುದೂ ಸಲ್ಲದು. ವಾಡಿ, ಶಹಾಬಾದಿನ ಮನೆಗಳಿಗೆ ಇನ್ನೊಂದು ಎಚ್ಚರಿಕೆ: ಸಿಮೆಂಟು ಮತ್ತು ಕಲ್ಲು ಪಾಲಿಶಿನ ಧೂಳು ತಟ್ಟೆಯ ಗೆರೆಯೊಳಗೆ ಕೂತು ಸೂಜಿಯೊಡನೆ ಉಜ್ಜಿ ದನಿಯನ್ನೇ ತಿನ್ನುತ್ತದೆ. ತಟ್ಟೆಗೆ ಹೀಗೆ ಮಾಡುವ ಧೂಳು ಎದೆಗೆ ಏನು ಮಾಡೀತೆಂದು ಕಾರ್ಖಾನೆಯವರನ್ನು ಕೇಳಲು ಇದೂ ಒಂದು ನೆಪವಾಗಲಿ.

ಕೊಂಡದ್ದನ್ನು ಧ್ವನಿವರ್ಧಕಕ್ಕೆ ಕಟ್ಟಿ ಊರಿಗೆಲ್ಲ ಕೇಳಿಸುವ ಉತ್ಸಾಹವೂ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಒಳ್ಳೆಯ ಸಂಗೀತಕ್ಕೆ ಅಷ್ಟೂ ಬೇಕಾಗುವುದಿಲ್ಲ.

ಊರಿನ ಶಾಲೆ ಅಥವಾ ಗ್ರಾಮ ಪಂಚಾಯತಿಯ ಗ್ರಂಥಾಲಯ ಒಂದು ಕಪಾಟನ್ನೂ ರಿಪೇರಿಯಾದ ಒಂದು ಟೇಪ್ ರೆಕಾರ್ಡರನ್ನೂ ಒದಗಿಸಿದರೆ ಕಾಲೇಜು ವಿದ್ಯಾರ್ಥಿಗಳು ಉಳಿದದ್ದನ್ನು ಮಾಡಬಲ್ಲರು: ಒಂದು ತಂತಿಯ ಮೂಲಕ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ನಕಲಿಸಿಕೊಳ್ಳುವ ಕೆಲಸಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆಂಬುದನ್ನು ನೆನಪಿಟ್ಟು, ಹಾಡಿದವರ ಮನೆಯವರನ್ನು ಹುಡುಕಿ ಕೇಳಿಯೇ ಹಂಚಬೇಕು. ಪ್ರತಿ ಕ್ಯಾಸೆಟ್ಟಿನೊಡನೆ ಒಂದು ಚೀಟಿ: ಯಾವ ಊರಲ್ಲಿ ಸಿಕ್ಕಿತು, ಹಾಡಿದವರು ಯಾರೆಂದು ಹಿರಿಯರು ಗುರುತಿಸಿದರು, ಯಾವ ಹಬ್ಬಕ್ಕೆ ಹಾಡುವ ಪದ. ಗುರುತಿಸಬಲ್ಲ ಹಿರಿಯರು ಊರೂರಲ್ಲಿ ಇನ್ನೂ ಇದ್ದಾರೆ. ಮುಂದಿನ ಯುಗಾದಿಯ ಸುಣ್ಣ ಬಳಿಯುವ ಮೊದಲೇ ಅವರ ಮುಂದೆ ಕೂತು ಕೇಳಿಸಬೇಕು.