ಹಲಾಲ್ ಗುರುತಿನ ಜೊತೆ ಉಪ್ಪನ್ನೂ ನೋಡಿ

ಕೊರಿಯಾದ ಖಾರದ ನೂಡಲ್ಸನ್ನು ವಿಯೆಟ್ನಾಂನ ರೈಸ್ ಪೇಪರಿನಲ್ಲಿ ಸುತ್ತಿ ತಿನ್ನುವುದು ಮಕ್ಕಳ ಹೊಸ ಆಸೆ. ಅಕ್ಕಿಯ ತೆಳು ಹಾಳೆ, ಕರಿದದ್ದಲ್ಲ ಎಂದು ನೀವು ನಿಶ್ಚಿಂತರಾಗಬೇಡಿ. ಒಳಗಿರುವ ನೂಡಲ್ಸನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಎಣ್ಣೆಯಲ್ಲಿ ಕರಿದಿರುತ್ತಾರೆ.

2024ರ ಜೂನ್‌ನಲ್ಲಿ ಡೆನ್ಮಾರ್ಕ್, ಖಾರದ ಅಂಶವಾದ ಕ್ಯಾಪ್ಸೈಸಿನ್ ಅತಿಯಾಗಿದೆಯೆಂದು ಕೊರಿಯಾದ ಮೂರು ಬಗೆಯ ನೂಡಲ್ಸನ್ನು ಅಂಗಡಿಗಳಿಂದ ಹಿಂದೆಗೆಸಿತು. ಮರುತಿಂಗಳು ಎರಡಕ್ಕೆ ಮತ್ತೆ ಅನುಮತಿ ಸಿಕ್ಕಿತು. ಖಾರ ಬಾಯಿಗೆ ತಿಳಿಯುತ್ತದೆ, ಉಪ್ಪು ತಿಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಅನೇಕ ನೂಡಲ್ಸ್ ಪ್ಯಾಕೆಟ್‌ಗಳಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಇರುತ್ತದೆ. ಹಲಾಲ್ ಗುರುತು ಹುಡುಕುವ ನಾವು ಸೋಡಿಯಂನ ಸಾಲನ್ನೂ ಓದಬೇಕು.

ಯೂನಾನಿಯಲ್ಲಿ ಮೆಣಸಿನಕಾಯಿಯದು ಉಷ್ಣ, ಒಣ ಮಿಜಾಜ್. ಅದಕ್ಕೆ ತಂಪು ಜೊತೆಯಾಗಲಿ. ಬೇಯಿಸಿದ ನೀರು ಚೆಲ್ಲಿ, ಮಸಾಲೆಯ ಮೂರನೇ ಒಂದು ಪಾಲು ಮಾತ್ರ ಬೆರೆಸಿ. ಹಾಳೆಯನ್ನು ಕೆಲವೇ ಸೆಕೆಂಡು ನೀರಲ್ಲಿ ಅದ್ದಿ, ಅರ್ಧದಷ್ಟು ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಮೊಟ್ಟೆ ತುಂಬಿ ಸುತ್ತಿ. ಜೊತೆಗೆ ಮೊಸರಿರಲಿ.

ಹೊಟ್ಟೆಹುಣ್ಣು, ರಕ್ತದೊತ್ತಡ ಇರುವವರಿಗೂ ಪುಟ್ಟ ಮಕ್ಕಳಿಗೂ ಇದು ಬೇಡ. ಯಾರು ಹೆಚ್ಚು ಖಾರ ತಿಂದಾರು ಎಂಬ ಪಂದ್ಯವಂತೂ ಯಾರಿಗೂ ಬೇಡ.